ತೇವದ ಜೊತೆ ಒಂದು ಮಳೆಗಾಲ

ಜನವರಿಯಲ್ಲಿ ಸಲೀಸಾಗಿ ಬರುತ್ತಿದ್ದ ಬಿಳಿ ಹಾಳೆ ಜೂನ್‌ನಲ್ಲಿ ಬರಲೇ ಇಲ್ಲ. ಪಾಲಿಮರ್ ದ್ರಾವಣದಿಂದ ಹೈ ವೋಲ್ಟೇಜ್‌ನಲ್ಲಿ ಸಣ್ಣ ಎಳೆ ತೆಗೆದು ಮಾಡುವ ಹಾಳೆ ಅದು, ಎಲೆಕ್ಟ್ರೋಸ್ಪಿನ್ನಿಂಗ್ ಅನ್ನುತ್ತಾರೆ. ಅದೇ ದ್ರಾವಣ, ಅದೇ ವೋಲ್ಟೇಜ್, ಅದೇ ಸೂಜಿ. ನಮ್ಮ ಲ್ಯಾಬ್ ಇರುವುದು ಕರಾವಳಿಯಲ್ಲಿ. ಹೊರಗೆ ಮಳೆ ಹಿಡಿದಿತ್ತು. ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆಯಲು ನನಗೆ ಮೂರು ವಾರ ಬೇಕಾಯಿತು.

ನಾನು ಮಾಡಲು ಹೊರಟಿದ್ದು ಲಿಥಿಯಂ ಬ್ಯಾಟರಿಯ ಎರಡು ಎಲೆಕ್ಟ್ರೋಡ್‌ಗಳ ನಡುವೆ ಕೂತು ಅವು ತಾಗದಂತೆ ತಡೆಯುವ ಪದರ, ಸೆಪರೇಟರ್. ಮಾರುಕಟ್ಟೆಯಲ್ಲಿ ಸಿಗುವ ಒಂದು ಸಾಮಾನ್ಯ ಪಾಲಿಪ್ರೊಪಿಲೀನ್ ಸೆಪರೇಟರ್ 25 ಮೈಕ್ರಾನ್ ದಪ್ಪ. ಅದರಲ್ಲಿ ರಂಧ್ರಗಳ ಪಾಲು ಸುಮಾರು 40 ಶೇಕಡಾ. ಅದರ ಬದಲು ಪಿವಿಡಿಎಫ್-ಎಚ್‌ಎಫ್‌ಪಿ ಎಂಬ ಪಾಲಿಮರ್‌ನ ಸಣ್ಣ ಎಳೆಗಳ ಹಾಳೆ ಮಾಡಿದರೆ ರಂಧ್ರ 80 ಶೇಕಡಾ ದಾಟುತ್ತದೆ. ಎಳೆಗಳು ಎಲೆಕ್ಟ್ರೋಲೈಟನ್ನು, ಅಂದರೆ ಬ್ಯಾಟರಿಯೊಳಗೆ ಅಯಾನುಗಳನ್ನು ಹೊರುವ ದ್ರವವನ್ನು, ಕುಡಿದು ಉಬ್ಬಿ ಜೆಲ್ ಆಗುತ್ತವೆ.

ಕರಗಿಸಲು ಅಸಿಟೋನ್ ಏಳು ಪಾಲು, ನಿಧಾನವಾಗಿ ಆವಿಯಾಗುವ ಡಿಎಂಎಸಿ ಎಂಬ ದ್ರಾವಕ ಮೂರು ಪಾಲು. ಅದಕ್ಕೆ 16 ಶೇಕಡಾ ಪಾಲಿಮರ್ ಹಾಕಿ ರಾತ್ರಿಯಿಡೀ ಕಲಕಲು ಬಿಡುತ್ತಿದ್ದೆ. ಬೆಳಿಗ್ಗೆ ಜೇನಿನ ಹದಕ್ಕೆ ಬಂದಿರುತ್ತಿತ್ತು. ಸಿರಿಂಜ್‌ನಲ್ಲಿ ತುಂಬಿ, ಗಂಟೆಗೆ 1 ಮಿ.ಲೀ. ಲೆಕ್ಕದಲ್ಲಿ ದೂಡುತ್ತಾ, ಸೂಜಿಗೆ 18 ಕಿಲೋವೋಲ್ಟ್ ಕೊಡುವುದು. 15 ಸೆಂ.ಮೀ. ದೂರದಲ್ಲಿ ಅಲ್ಯೂಮಿನಿಯಂ ಫಾಯಿಲ್ ಸುತ್ತಿದ ಡ್ರಮ್ ತಿರುಗುತ್ತಿರುತ್ತದೆ. ನೋಡಿದವರು ಸೇಮಿಗೆ ಒತ್ತಿದ ಹಾಗೆ ಅನ್ನುತ್ತಾರೆ. ಹಾಗಲ್ಲ. ಸೇಮಿಗೆಯನ್ನು ಒತ್ತಿ ಹೊರಗೆ ಹಾಕುತ್ತೇವೆ, ಇಲ್ಲಿ ವಿದ್ಯುತ್ತು ಎಳೆದು ತೆಗೆಯುತ್ತದೆ. ಸೂಜಿಯ ತುದಿಯ ಹನಿ ಮೊನಚಾಗಿ, ಅಲ್ಲಿಂದ ಒಂದೇ ಎಳೆ ಹೊರಟು ಚಾಟಿಯಂತೆ ಸುತ್ತುತ್ತಾ ಸಣ್ಣಗಾಗುತ್ತದೆ.

ಜೂನ್‌ನಲ್ಲಿ ಆ ಹನಿಯೇ ಗಟ್ಟಿಯಾಗುತ್ತಿತ್ತು. ಅಸಿಟೋನ್ ಬೇಗ ಆವಿಯಾಗುವುದರಿಂದ ಮಾಮೂಲಿ ದಿನದಲ್ಲೂ ಹದಿನೈದು ನಿಮಿಷಕ್ಕೊಮ್ಮೆ ತುದಿ ಒರೆಸಬೇಕು. ಈಗ ಎರಡು ನಿಮಿಷಕ್ಕೇ ಬಿಳಿ ಗಡ್ಡ. ಅಸಿಟೋನ್ ಕಡಿಮೆ ಮಾಡಿ ನೋಡಿದೆ. ಎಳೆಗಳು ಒದ್ದೆಯಾಗಿಯೇ ಬಿದ್ದು ಒಂದಕ್ಕೊಂದು ಅಂಟಿಕೊಂಡವು. ವೋಲ್ಟೇಜ್ ಜಾಸ್ತಿ ಮಾಡಿದೆ, ಹನಿಗಳು ಚಿಮ್ಮಿದವು. ಕೊನೆಗೆ ಎಸ್‌ಇಎಂ ಎಂಬ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಳೆಗಳ ಮೈಯೆಲ್ಲ ತೂತು, ಒರಟು. ಗಾಳಿಯ ತೇವ ಎಳೆಗೆ ತಾಗಿ, ಪಾಲಿಮರ್ ಹಾಲು ಒಡೆದಂತೆ ದ್ರಾವಣದಿಂದ ಬೇರ್ಪಡುತ್ತಿತ್ತು. ಅಂಗಡಿಯಿಂದ ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತಂದಿಟ್ಟೆ. 86 ಶೇಕಡಾ!

ಅಕ್ರಿಲಿಕ್ ಪೆಟ್ಟಿಗೆ ಕಟ್ಟಿ, ಒಣಗಿಸಿದ ಗಾಳಿ ಒಳಗೆ ಬಿಟ್ಟು, ಇನ್ನೊಂದು ಕಡೆಯಿಂದ ಆವಿ ಎಳೆದುಕೊಳ್ಳುವ ಫ್ಯೂಮ್ ಹುಡ್‌ಗೆ ಹೊರಹಾಕಿದೆ. ಸುಮ್ನೆ ಸಿಲಿಕಾ ಜೆಲ್ ಇಟ್ಟು ಮುಚ್ಚಿಬಿಡೋಣ ಅಂತ ಮೊದಲು ಅನಿಸಿದ್ದು ನಿಜ. ಮುಚ್ಚಿದ ಪೆಟ್ಟಿಗೆಯಲ್ಲಿ ಅಸಿಟೋನ್ ಆವಿ, ಜೊತೆಗೆ ಹೈ ವೋಲ್ಟೇಜ್ ಕಿಡಿ. ಯಾರೂ ಆ ಕೆಲಸ ಮಾಡಬೇಡಿ. ಸ್ವಿಚ್ ಆಫ್ ಮಾಡಿದ ಮೇಲೂ ಉಳಿದ ವಿದ್ಯುತ್ತನ್ನು ನೆಲಕ್ಕಿಳಿಸುವ ಅರ್ಥ್ ಕೋಲು ತಾಗಿಸದೆ ಸೂಜಿ ಮುಟ್ಟಬೇಡಿ. ನಾನು ಮುಟ್ಟಿ, ಒಂದು ಸಿರಿಂಜ್ ಒಡೆದಿದ್ದೇನೆ. ತೇವ 40ಕ್ಕೆ ಇಳಿದ ದಿನ ಹಾಳೆ ಮತ್ತೆ ನುಣ್ಣಗೆ ಬಂತು. ಒಂದು ಹಾಳೆಗೆ ಐದು ಗಂಟೆ.

ಆಮೇಲೆ ಅಳತೆಯ ತಾಪತ್ರಯ. ಹಾಳೆ ಹತ್ತಿಯಂತೆ ಮೆತ್ತಗಿರುವುದರಿಂದ ದಪ್ಪ ಅಳೆಯುವ ಮೈಕ್ರೋಮೀಟರ್ ಉಪಕರಣ ಸ್ವಲ್ಪ ಬಿಗಿಯಾದರೂ 85 ಮೈಕ್ರಾನ್ ಇದ್ದದ್ದು 60 ಆಗುತ್ತದೆ. ಎಷ್ಟು ದ್ರವ ಹೀರಿತು ಅನ್ನುವ ಲೆಕ್ಕವಂತೂ ಕೈಗುಣದ್ದು. ನೆನೆಸಿದ ತುಂಡನ್ನು ಫಿಲ್ಟರ್ ಪೇಪರ್‌ನಲ್ಲಿ ಒತ್ತಿ ತೂಗಬೇಕು. ಮೆಲ್ಲಗೆ ಒತ್ತಿದರೆ ತನ್ನ ತೂಕದ ನಾಲ್ಕು ಪಟ್ಟು, ಗಟ್ಟಿಯಾಗಿ ಒತ್ತಿದರೆ ಎರಡೂವರೆ ಪಟ್ಟು. ಅದಕ್ಕೇ ಸಂಶೋಧನಾ ಲೇಖನಗಳಲ್ಲಿ 400 ಶೇಕಡಾ ಅಂತ ಕಂಡರೆ, ಹೇಗೆ ಒರೆಸಿದರು ಅಂತ ಮೊದಲು ಹುಡುಕುತ್ತೇನೆ.

ಹಾಳೆಯನ್ನು ಪರೀಕ್ಷಿಸಲು ಕಾಯಿನ್ ಸೆಲ್, ಅಂದರೆ ನಾಣ್ಯದಾಕಾರದ ಪುಟ್ಟ ಬ್ಯಾಟರಿ, ಕಟ್ಟಿದಾಗ ತೇವ ಇನ್ನೊಮ್ಮೆ ಕಾಡಿತು. ಹಾಳೆಯನ್ನು ವ್ಯಾಕ್ಯೂಮ್ ಓವನ್‌ನಲ್ಲಿ ಒಣಗಿಸಿ, ಕೈಯಲ್ಲಿ ಹಿಡಿದು ಕಾರಿಡಾರ್ ದಾಟಿ, ಸೆಲ್ ಕಟ್ಟುವ ಗ್ಲೋವ್ ಬಾಕ್ಸ್‌ಗೆ, ಅಂದರೆ ತೇವವಿಲ್ಲದ ಮುಚ್ಚಿದ ಪೆಟ್ಟಿಗೆಗೆ, ಒಯ್ಯುತ್ತಿದ್ದೆ. ಹಾಳೆಗೆ ತೇವ ಹಿಡಿಯಲು ಆ ಎರಡು ನಿಮಿಷ ಸಾಕು. ಎಲೆಕ್ಟ್ರೋಲೈಟ್‌ನಲ್ಲಿರುವ ಲಿಥಿಯಂ ಹೆಕ್ಸಾಫ್ಲೋರೋಫಾಸ್ಫೇಟ್‌ಗೆ ನೀರು ತಾಗಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಮೊದಲ ಆರು ಸೆಲ್‌ಗಳು ಇಪ್ಪತ್ತು ಸಲ ಚಾರ್ಜ್-ಡಿಸ್ಚಾರ್ಜ್ ಆಗುವುದರೊಳಗೇ ಕುಸಿದವು. ಈಗ ಗ್ಲೋವ್ ಬಾಕ್ಸ್‌ನ ಬಾಗಿಲ ಕೋಣೆಯಲ್ಲೇ 80 ಡಿಗ್ರಿಯಲ್ಲಿ ಇಡೀ ದಿನ ಒಣಗಿಸಿ, ಅಲ್ಲಿಂದ ನೇರ ಒಳಗೆ ಎಳೆದುಕೊಳ್ಳುತ್ತೇನೆ. ಆಮೇಲಿನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್‌ಗಳು ನಿಧಾನದ ಚಾರ್ಜ್‌ನಲ್ಲಿ ಗ್ರಾಂಗೆ 150 ಮಿಲಿ ಆಂಪಿಯರ್ ಅವರ್ ಹತ್ತಿರ ಕೊಟ್ಟವು. ಆ ವಸ್ತುವಿನ ಲೆಕ್ಕದ ಮಿತಿ 170.

ದ್ರವ ಕುಡಿದ ಈ ಜೆಲ್ ಹಾಳೆಯನ್ನು ಘನ ಎಲೆಕ್ಟ್ರೋಲೈಟ್ ಅಂತ ಕರೆಯಲು ನನಗೆ ಮನಸ್ಸಿಲ್ಲ. ಅಯಾನುಗಳನ್ನು ಹೊರುವುದು ಹೆಚ್ಚುಪಾಲು ಒಳಗಿನ ದ್ರವವೇ, ಅಲ್ವಾ? ಹಾಳೆ ಅದನ್ನು ಸೋರದಂತೆ ಹಿಡಿದಿಟ್ಟುಕೊಳ್ಳುತ್ತದೆ, ಅಷ್ಟೇ.

ಈಗ ಪ್ರತಿ ಹಾಳೆಯ ಕವರ್ ಮೇಲೆ ಆ ದಿನದ ತೇವಾಂಶ ಬರೆದಿಡುತ್ತೇನೆ. ಜನವರಿಯ ಹಾಳೆಗಳ ಮೇಲೆ ಬರೆದಿರಲಿಲ್ಲ. ಅವು ಇನ್ನೂ ಡ್ರಾಯರ್‌ನಲ್ಲಿವೆ, ಇವತ್ತಿನ ಹಾಳೆಗಳ ಪಕ್ಕ ಇಟ್ಟು ಹೋಲಿಸಲು ಬರುವುದಿಲ್ಲ.