ಲೋಹದ ಸಣ್ಣ ಕವಣೆ: ಹಿಡಿಗಿಂತ ರಬ್ಬರಿನ ಕಡೆ ಹೆಚ್ಚು ಗಮನವಿರಲಿ

ಗುರಿ ಅಭ್ಯಾಸಕ್ಕೆ ಲೋಹದ ಸಣ್ಣ ಕವಣೆಯನ್ನು ಕೊಳ್ಳುವವರು ಸಾಮಾನ್ಯವಾಗಿ ಅದರ ಹೊಳಪು ಮತ್ತು ತೂಕವನ್ನು ನೋಡುತ್ತಾರೆ. ಆದರೆ ಹಿಡಿ ಅಂಗೈಯಲ್ಲಿ ಜಾರದೆ ಕೂರುತ್ತದೆಯೇ, ಕವಲುಗಳ ತುದಿಯಲ್ಲಿ ರಬ್ಬರನ್ನು ಕೊರೆಯುವಂಥ ಚೂಪು ಅಂಚುಗಳಿವೆಯೇ ಎಂಬುದನ್ನು ಬೆರಳಾಡಿಸಿ ಪರೀಕ್ಷಿಸುವುದು ಹೆಚ್ಚು ಮುಖ್ಯ. ಹೊಸಬರಿಗೆ ಸುಲಭವಾಗಿ ಎಳೆಯಲು ಬರುವ ತೆಳು ಪಟ್ಟಿಯೇ ಸಾಕು, ಏಕೆಂದರೆ ಬಿಗಿ ಪಟ್ಟಿಯನ್ನು ಎಳೆದಾಗ ಕೈ ನಡುಗಿ ಗುರಿ ತಪ್ಪುತ್ತದೆ.

ರಬ್ಬರ್ ಬಿಸಿಲಿಗೆ ಬೇಗ ಹಾಳಾಗುವುದರಿಂದ ಕವಣೆಯನ್ನು ನೆರಳಿನಲ್ಲಿಡಿ. ಪ್ರತಿ ಬಾರಿ ಬಳಸುವ ಮೊದಲು ಪಟ್ಟಿಯನ್ನು ಮೆಲ್ಲಗೆ ಹಿಗ್ಗಿಸಿ, ಮುಖ್ಯವಾಗಿ ಗುಂಡು ಇಡುವ ಚರ್ಮದ ತುಂಡಿಗೆ ಕಟ್ಟಿದ ಜಾಗದಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಬದಲಾಯಿಸಿ. ಎಳೆದಾಗ ಹರಿದ ಪಟ್ಟಿ ನೇರವಾಗಿ ಮುಖಕ್ಕೇ ಬಡಿಯಬಹುದು. ಆದ್ದರಿಂದ ರಕ್ಷಣಾ ಕನ್ನಡಕವಿಲ್ಲದೆ ಹೊಡೆಯುವುದನ್ನು ನಾನು ಒಪ್ಪುವುದಿಲ್ಲ.

ಕವಣೆಯಲ್ಲಿ ಹೊಡೆಯಲು ಬಳಸುವ ಸುಮಾರು 8 ಮಿ.ಮೀ. ವ್ಯಾಸದ ಗುಂಡುಗಳು ಒಂದೇ ಗಾತ್ರದಲ್ಲಿರುವುದರಿಂದ ಒಂದೇ ರೀತಿ ಹಾರುತ್ತವೆ, ಸಿಕ್ಕಸಿಕ್ಕ ಕಲ್ಲುಗಳು ಹಾಗಲ್ಲ. ಗುರಿಯ ಹಿಂದೆ ದಪ್ಪ ಬಟ್ಟೆಯನ್ನು ಸಡಿಲವಾಗಿ ಇಳಿಬಿಟ್ಟರೆ ಗುಂಡು ಅಲ್ಲೇ ಕೆಳಗೆ ಬೀಳುತ್ತದೆ. ಗೋಡೆ ಅಥವಾ ಬಂಡೆಯಾದರೆ ತಿರುಗಿ ಚಿಮ್ಮುತ್ತದೆ. ಮೊದಲು 5 ಮೀಟರ್ ದೂರದಿಂದ, ಪ್ರತಿ ಸಲವೂ ಕೆನ್ನೆಯ ಒಂದೇ ಬಿಂದುವಿನವರೆಗೆ ಎಳೆದು ಬಿಡಿ. ಹಕ್ಕಿ, ಪ್ರಾಣಿಗಳತ್ತ ಎಂದೂ ಗುರಿಯಿಡಬೇಡಿ.