ಬಿಕಿನಿಯ ತೆಂಗಿಗೆ ಪೊಟ್ಯಾಷ್: ಸೀಸಿಯಂ ಇಳಿಸಿದ ನಮ್ಮ ಅನುಭವ

ಬಿಕಿನಿ ಇರುವುದು ಪೆಸಿಫಿಕ್ ಸಾಗರದ ಮಾರ್ಷಲ್ ದ್ವೀಪಗಳಲ್ಲಿ; ಅಮೆರಿಕ ಅಲ್ಲಿ ನಡೆಸಿದ ಅಣುಬಾಂಬ್ ಪರೀಕ್ಷೆಗಳಿಂದ ಬಿದ್ದ ಸೀಸಿಯಂ-137 ಎಂಬ ವಿಕಿರಣಶೀಲ ವಸ್ತು ಇನ್ನೂ ಮಣ್ಣಿನಲ್ಲಿದೆ. ಮಣ್ಣು ತೆಗೆಯದೆ ಆ ಸೀಸಿಯಂ ಹೋಗುವುದಿಲ್ಲ ಎಂದು ಶುರುವಿನಿಂದಲೂ ಹೇಳಿಸಿಕೊಂಡು ಬಂದಿದ್ದೇವೆ. ಹೋಗುವುದಿಲ್ಲ, ಒಪ್ಪಿದೆ. ಆದರೆ ಬಿಕಿನಿ ದ್ವೀಪದಲ್ಲಿ ನೆಲೆಸಿದರೆ ತಗಲುವ ವಿಕಿರಣದ ಡೋಸಿನ ಬಹುಪಾಲು ಬರುವುದು ಊಟದ ದಾರಿಯಲ್ಲಿ: ಎಳನೀರು, ತೆಂಗಿನಕಾಯಿ, ಪ್ಯಾಂಡಾನಸ್ (ಕೇದಗೆ ಜಾತಿಯ ಗಿಡದ) ಹಣ್ಣು, ದೀವಿಹಲಸು. 1978ರಲ್ಲಿ, ವಾಪಸ್ ಬಂದು ನೆಲೆಸಿದ್ದ ಜನರನ್ನು ಮತ್ತೆ ದ್ವೀಪ ಬಿಡಿಸಿದ್ದು ಅವರ ಮೈಯೊಳಗೆ ಸೀಸಿಯಂ-137 ಏರುತ್ತಿದ್ದುದರಿಂದಲೇ. ಮರ ಅದನ್ನು ಬೇರಿನಿಂದ ಎಳೆಯದ ಹಾಗೆ ಮಾಡಿದರೆ ಮುಕ್ಕಾಲು ಕೆಲಸ ಮುಗಿದಂತೆ.

ಅಲ್ಲಿನದು ಹವಳದ ಪುಡಿ, ಬರೀ ಸುಣ್ಣ. ಜೇಡಿ ಇಲ್ಲ, ಹಾಗಾಗಿ ಸೀಸಿಯಂ ಯಾವುದಕ್ಕೂ ಅಂಟಿ ಕೂರುವುದಿಲ್ಲ. ಪೊಟ್ಯಾಸಿಯಂ ಕೂಡ ಇಲ್ಲವೆನ್ನುವಷ್ಟು ಕಡಿಮೆ. ಹಸಿದ ತೆಂಗು ಪೊಟ್ಯಾಸಿಯಂ ಎಂದುಕೊಂಡೇ ಸೀಸಿಯಂ ಹೀರುತ್ತದೆ. ಪೊಟ್ಯಾಷ್, ಅಂದರೆ ಪೊಟ್ಯಾಸಿಯಂ ಗೊಬ್ಬರ, ಕೊಟ್ಟರೆ ಆ ಹಸಿವು ತಣಿಯುತ್ತದೆ. ಬಾಂಬಿನ ಬೇರೆ ಉಳಿಕೆಗಳ ಚಿಂತೆ ಇಲ್ಲಿ ಕಡಿಮೆ. ಕ್ಯಾಲ್ಸಿಯಂ ಹೇರಳವಾಗಿರುವುದರಿಂದ ಸ್ಟ್ರಾನ್ಷಿಯಂ ಅಷ್ಟಾಗಿ ಏರುವುದಿಲ್ಲ. ಪ್ಲುಟೋನಿಯಂ ಬೇರಿನೊಳಗೆ ಹೋಗುವುದೇ ಅಪರೂಪ.

ಈಗ ಲೆಕ್ಕ ನೋಡಿ. ಮೇಲಿನ 40 ಸೆಂಟಿಮೀಟರ್ ಕೆರೆದರೆ ಹೆಕ್ಟೇರಿಗೆ 4,000 ಘನ ಮೀಟರ್ ಮಣ್ಣು. ದ್ವೀಪ ಸುಮಾರು 240 ಹೆಕ್ಟೇರ್, ಅಂದರೆ ಸುಮಾರು 9.6 ಲಕ್ಷ ಘನ ಮೀಟರ್. ಇನ್ನೊಂದು ಪರೀಕ್ಷಾ ತಾಣವಾದ ಎನಿವೆಟಾಕಿನಲ್ಲಿ ಕಲುಷಿತ ಮಣ್ಣನ್ನು ಮುಚ್ಚಿಟ್ಟ ರುನಿಟ್ ಕಾಂಕ್ರೀಟ್ ಗುಮ್ಮಟದ ಕೆಳಗೆ ತುಂಬಿದ್ದೇ 73 ಸಾವಿರ ಘನ ಮೀಟರ್ ಆಸುಪಾಸು. ಇಷ್ಟನ್ನು ಎಲ್ಲಿಡುವುದು? ಮೇಲಾಗಿ ಅಲ್ಲಿ ಸಾರ ಇರುವುದು ಆ ಒಂದು ಪದರದಲ್ಲಿ ಮಾತ್ರ. ಅದನ್ನು ತೆಗೆದರೆ ಮರಗಳೂ ಹೋಗುತ್ತವೆ, ಉಳಿಯುವುದು ಬಿಳಿ ಜಲ್ಲಿ. ಪೊಟ್ಯಾಷಿನ ಲೆಕ್ಕ ಹೆಕ್ಟೇರಿಗೆ ಎರಡು ಟನ್, ಇಡೀ ದ್ವೀಪಕ್ಕೆ 480 ಟನ್. ಖರ್ಚಿನ ದೊಡ್ಡ ಪಾಲು ಗೊಬ್ಬರದ್ದಲ್ಲ, ಅದನ್ನು ದೋಣಿಯಲ್ಲಿ ತಂದು ಇಳಿಸುವುದರದ್ದು.

ಇದಕ್ಕೆ ಮೊದಲು ಸೋತ ದಾರಿಗಳೂ ಇವೆ. ಸಮುದ್ರದ ನೀರು ಹಾಯಿಸಿ ತೊಳೆಯುವುದು: ಪಂಪು, ಪೈಪು, ಡೀಸೆಲ್ ಎಲ್ಲಾ ಸುರಿದರೂ ಇಳಿದುಹೋದ ಸೀಸಿಯಂ ಅತ್ಯಲ್ಪ. ಬೇಗ ಬೆಳೆಯುವ ಬೆಳೆ ಹಾಕಿ ಕೊಯ್ದು ಹೊರಗೆ ಒಯ್ಯುವುದು: ಒಂದು ಕೊಯ್ಲಿಗೆ ಬರುವುದು ಮಣ್ಣಿನಲ್ಲಿರುವುದರ ಸಣ್ಣ ಚೂರು, ಆಮೇಲೆ ಕೊಯ್ದದ್ದನ್ನು ಇಡಲು ಜಾಗ ಬೇರೆ. ಸೀಸಿಯಂ ಹಿಡಿಯುವ ಖನಿಜ ಬೆರೆಸುವುದು ತತ್ವದಲ್ಲಿ ಸರಿ, ಆದರೆ ಬೇಕಾಗುವ ಪ್ರಮಾಣ ಹಡಗುಗಟ್ಟಲೆ, ಬೇರಿನ ಆಳಕ್ಕೆ ಕಲಸುವುದೂ ಕಷ್ಟ. ಗೊಬ್ಬರದಲ್ಲಿ ಸಾರಜನಕ, ರಂಜಕಗಳನ್ನಷ್ಟೇ ಕೊಟ್ಟ ತಾಕುಗಳಲ್ಲಿ ಸೀಸಿಯಂ ಇಳಿಯಲಿಲ್ಲ. ಪೊಟ್ಯಾಷ್ ಇದ್ದ ತಾಕುಗಳಲ್ಲಿ ಇಳಿಯಿತು. ಅಲ್ಲಿಗೆ ದಾರಿ ಸ್ಪಷ್ಟವಾಯಿತು.

ಹಾಕುವ ಕ್ರಮ ಹೀಗಿದೆ. ಪೊಟ್ಯಾಸಿಯಂ ಕ್ಲೋರೈಡ್ ಎರಡು ಟನ್ ಎಂದರೆ ಅಪ್ಪಟ ಪೊಟ್ಯಾಸಿಯಂ 1,040 ಕಿಲೋ. ಒಂದೇ ಸಲ ಸುರಿಯಬಾರದು. ನಾಲ್ಕು ಕಂತು, ಪ್ರತಿ ಕಂತಿಗೆ ಚದರ ಮೀಟರಿಗೆ 50 ಗ್ರಾಂ, ಮಳೆ ಹಿಡಿದ ತಿಂಗಳುಗಳಲ್ಲಿ. ವರ್ಷದ ಮೊದಲ ತಿಂಗಳುಗಳ ಒಣ ಹವೆಯಲ್ಲಿ ಹಾಕಿದ್ದು ಮೇಲೆಯೇ ಉಪ್ಪಿನಂತೆ ಕೂತು ಎಳೆ ಸಸಿಗಳ ಅಂಚು ಸುಟ್ಟಿತು. ಬಲಿತ ತೆಂಗು ತಡೆದುಕೊಳ್ಳುತ್ತದೆ, ದೀವಿಹಲಸು ಅಷ್ಟು ಗಟ್ಟಿಯಲ್ಲ. ಬುಡಕ್ಕೆ ಪಾತಿ ಮಾಡಿ ಹಾಕುವ ಅಭ್ಯಾಸವನ್ನೂ ಬಿಡಬೇಕು. ಬೇರು ಸಾಲಿನ ನಡುವೆಯೂ ಹರಡಿರುತ್ತದೆ, ಪೊಟ್ಯಾಷ್ ಕಾಣದ ಬೇರು ಸೀಸಿಯಂ ಎಳೆಯುತ್ತಲೇ ಇರುತ್ತದೆ. ಇಡೀ ನೆಲಕ್ಕೆ ಎರಚಬೇಕು. ಎರಚುವ ಯಂತ್ರವನ್ನು ನಂಬಬೇಡಿ. ಒಂದು ಮೀಟರ್ ಚೌಕದ ಟಾರ್ಪಾಲು ತುಂಡುಗಳನ್ನು ಸಾಲಿಗೆ ಅಡ್ಡಲಾಗಿ ಹಾಸಿ, ಬಿದ್ದದ್ದನ್ನು ತೂಗಿ ನೋಡಿ. ನಮ್ಮ ಮೊದಲ ಸುತ್ತಿನಲ್ಲಿ ನಡುವೆ 80 ಗ್ರಾಂ, ಅಂಚಿನಲ್ಲಿ 20 ಬಿದ್ದಿತ್ತು.

ಉಪ್ಪುಗಾಳಿಗೆ ಚೀಲದೊಳಗೆ ಗೊಬ್ಬರ ಕಲ್ಲಾಗುತ್ತದೆ, ಯಂತ್ರದ ತಟ್ಟೆ ಒಂದೇ ಋತುವಿನಲ್ಲಿ ತುಕ್ಕು ಹಿಡಿಯುತ್ತದೆ. ಪ್ರತಿ ಸಂಜೆ ಸಿಹಿನೀರಿನಲ್ಲಿ ತೊಳೆಯಲೇಬೇಕು. ಗಟ್ಟಿಯಾಗದಂತೆ ಇಡಲು ನಾವು ಕಂಡುಕೊಂಡ ಉಪಾಯವೊಂದಿದೆ, ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಹೆಚ್ಚು ಅವಮಾನ ಆದದ್ದು ಅಳತೆಯಲ್ಲಿ. ಪೊಟ್ಯಾಷ್ ಹಾಕಿ ಮೂರು ತಿಂಗಳಿಗೇ ಕಾಯಿ ಕೆಡವಿ ಅದರೊಳಗಿನ ಸೀಸಿಯಂನ ವಿಕಿರಣ ಎಣಿಸಿದ್ದೆವು. ಇಳಿಕೆ ಅಷ್ಟಕ್ಕಷ್ಟೇ, ನೋಡಿದವರು ತಲೆಯಾಡಿಸಿದರು. ಎಳನೀರಿನ ಹದಕ್ಕೆ ಆರೇಳು ತಿಂಗಳು, ಬಲಿಯಲು ವರ್ಷ ಬೇಕು. ನಾವು ಎಣಿಸಿದ್ದು ಹಳೇ ಸೀಸಿಯಂ ತುಂಬಿಕೊಂಡಿದ್ದ ಕಾಯಿ. ಪಕ್ಕಪಕ್ಕದ ಮರಗಳಲ್ಲೇ ಮೂರು-ನಾಲ್ಕು ಪಟ್ಟು ವ್ಯತ್ಯಾಸ ಇರುವುದರಿಂದ ಸಾಲಿನ ಸರಾಸರಿಯೂ ಮೋಸ ಮಾಡುತ್ತದೆ. ಮರಕ್ಕೆ ನಂಬರ್ ಬಿಲ್ಲೆ ಹೊಡೆದು, ಗೊಬ್ಬರಕ್ಕೆ ಮೊದಲೂ ಆಮೇಲೂ ಅದೇ ಮರದಿಂದ, ಅದೇ ಹದದ ಐದಾರು ಕಾಯಿ ತೆಗೆಯಬೇಕು. ತಿರುಳು ಬೇರೆ, ನೀರು ಬೇರೆ. ತಿರುಳನ್ನು ಒಣಗಿಸಿ ಡಬ್ಬಿಗೆ ಒತ್ತಿ ತುಂಬಿ ಗಾಮಾ ಕಿರಣ ಅಳೆಯುವ ಜರ್ಮೇನಿಯಂ ಡಿಟೆಕ್ಟರ್ ಮೇಲೆ ಸೀಸಿಯಂನ ಗುರುತಾದ 662 ಕೆಇವಿ (ಗಾಮಾದ ಶಕ್ತಿಯ ಅಳತೆ, ಕಿಲೋ ಎಲೆಕ್ಟ್ರಾನ್ ವೋಲ್ಟ್) ಶಿಖರ ನೋಡುವುದು. ಒದ್ದೆ ತೂಕ ಬರೆದುಕೊಳ್ಳಲು ಮರೆತರೆ ಆ ಡಬ್ಬಿ ದಂಡ.

ಇನ್ನೊಂದು ಎಡವಟ್ಟು: ಗೊಬ್ಬರದ ಚೀಲಗಳನ್ನು ಎಣಿಕೆ ಕೋಣೆಯ ಗೋಡೆಗೇ ಒಟ್ಟಿದ್ದೆವು. 50 ಕಿಲೋ ಚೀಲದಲ್ಲಿ 26 ಕಿಲೋ ಪೊಟ್ಯಾಸಿಯಂ, ಅದರಲ್ಲಿ ಸಹಜವಾಗಿಯೇ ಇರುವ ಪೊಟ್ಯಾಸಿಯಂ-40 ಸುಮಾರು 8 ಲಕ್ಷ ಬೆಕೆರೆಲ್ (ಸೆಕೆಂಡಿಗೆ ಒಂದು ಪರಮಾಣು ಒಡೆದರೆ ಒಂದು ಬೆಕೆರೆಲ್). ಅದರ 1,460 ಕೆಇವಿ ಗಾಮಾ ಚದುರಿ ಬಂದು 662ರ ಶಿಖರದಡಿಯ ಹಿನ್ನೆಲೆ ಎಣಿಕೆಯನ್ನು ಎತ್ತಿಬಿಟ್ಟಿತು. ಕಡಿಮೆ ಸೀಸಿಯಂ ಇದ್ದ ಡಬ್ಬಿಗಳ ಎಣಿಕೆಯೆಲ್ಲ ಮತ್ತೆ ಮಾಡಬೇಕಾಯಿತು. ಚೀಲಗಳನ್ನು ದೂರದ ಶೆಡ್ಡಿಗೆ ಸಾಗಿಸಿದ ಮೇಲೆ ಸರಿಹೋಯಿತು.

ವರ್ಷ ದಾಟಿದ ಮೇಲೆ ಬಂದ ಅಂಕಿಗಳು ಬಾಯಿ ಮುಚ್ಚಿಸಿದವು. ತಿರುಳಿನಲ್ಲಿ ಗ್ರಾಂಗೆ ಕೆಲವು ಬೆಕೆರೆಲ್ ಇದ್ದದ್ದು ಹತ್ತನೇ ಒಂದು ಪಾಲಿಗೆ, ಕೆಲವು ಸಾಲುಗಳಲ್ಲಿ ಇನ್ನೂ ಕೆಳಕ್ಕೆ ಬಂತು. ಗರಿ ಕಡುಹಸಿರಾಯಿತು, ಗೊನೆಯಲ್ಲಿ ಕಾಯಿ ಹೆಚ್ಚಿತು. ಗೊಬ್ಬರ ನಿಲ್ಲಿಸಿದರೂ ಪರಿಣಾಮ ವರ್ಷಗಟ್ಟಲೆ ಉಳಿಯುತ್ತದೆ, ಏಕೆಂದರೆ ಪೊಟ್ಯಾಸಿಯಂ ಗರಿಯಲ್ಲಿ ಕೂತು, ಗರಿ ಬಿದ್ದು ಕೊಳೆತಾಗ ಮತ್ತೆ ಬೇರಿಗೆ ಸಿಗುತ್ತದೆ. ಆದ್ದರಿಂದ ಉದುರಿದ ಗರಿಯನ್ನು ಸುಡಬೇಡಿ, ಸಾಲಿನಲ್ಲೇ ಹರಡಿ.

ನೆಲದಿಂದ ಬರುವ ಗಾಮಾಕ್ಕೆ ಪೊಟ್ಯಾಷ್ ಏನೂ ಮಾಡದು. ಮನೆ ಸುತ್ತ ಮಾತ್ರ ಮಣ್ಣು ಕೆರೆದು ಹವಳದ ಜಲ್ಲಿ ಹಾಸಬೇಕು. ಬಿಕಿನಿ ಪರೀಕ್ಷೆಯ ಧೂಳು ಬಿದ್ದಿದ್ದ ರೊಂಗೆಲಾಪ್ ದ್ವೀಪದಲ್ಲಿ ಇವೆರಡನ್ನೂ ಜೊತೆಯಾಗಿಯೇ ಮಾಡಲಾಯಿತು. ತೆಂಗಿನ ಏಡಿಯನ್ನೂ ಮರೆಯಬೇಡಿ: ಗೊಬ್ಬರ ಬೀಳದ ಪೊದೆಗಳಲ್ಲಿ ಕಾಯಿ ತಿಂದು ಬಂದ ಏಡಿಯ ಮಾಂಸದಲ್ಲಿ ಸೀಸಿಯಂ ಇಳಿದಿರುವುದಿಲ್ಲ, ಅದನ್ನು ಹಿಡಿದ ಜಾಗ ಬರೆದುಕೊಂಡೇ ಎಣಿಸಿ. ಮುಂದಿನ ಕಂತು ಯಾವಾಗ ಎಂಬುದನ್ನು ಕ್ಯಾಲೆಂಡರಿಗೆ ಬಿಡದೆ ಬಿಲ್ಲೆ ಹೊಡೆದ ಮರಗಳಿಗೆ ಬಿಟ್ಟಿದ್ದೇವೆ. ಎರಡು ಸುತ್ತು ಸತತವಾಗಿ ಎಣಿಕೆ ಏರಿದರೆ ಆ ತಾಕಿಗೆ ಚೀಲ ಬಿಚ್ಚುತ್ತೇವೆ.