ಎಸೆಯುವ ಸಾಲಿನ ದಾಸವಾಳ ತಟ್ಟೆಯಗಲ ಅರಳಿತು: ನನ್ನ ಅನುಭವ

ಮೊನ್ನೆ ಬೆಳಿಗ್ಗೆ ಟೇಪ್ ಹಿಡಿದು ಅಳೆದೆ. ಒಂದೇ ಹೂವು, ಈ ಅಂಚಿನಿಂದ ಆ ಅಂಚಿಗೆ 26 ಸೆಂಟಿಮೀಟರ್. ಊಟದ ತಟ್ಟೆ ತಂದು ಪಕ್ಕಕ್ಕೆ ಹಿಡಿದೆ, ಎರಡೂ ಸಮ ಸಮ. ಮೂರು ವರ್ಷದ ಹಿಂದೆ ಇದೇ ಗಿಡ ನರ್ಸರಿಯ ಹಿಂಭಾಗದಲ್ಲಿ, ಎಸೆಯಲು ಇಟ್ಟ ಸಾಲಿನಲ್ಲಿ ಬಿದ್ದಿತ್ತು. ಎಲೆ ಎಲ್ಲ ಸುಟ್ಟು ಹೋಗಿ ಎರಡು ಕಡ್ಡಿ ಮಾತ್ರ ಉಳಿದಿತ್ತು. ಮನೆಗೆ ತಂದಾಗ ಅತ್ತಿಗೆ ಕೇಳಿದರು, "ಇದೇನು, ಸೌದೆಗೂ ದುಡ್ಡು ಕೊಟ್ಟು ಬಂದ್ಯಾ?" ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗ ಇದೆ.

ನಾನು ಹೇಳುತ್ತಿರುವುದು ಹಾರ್ಡಿ ಹೈಬಿಸ್ಕಸ್, ಅಂದರೆ ಚಳಿ ತಡೆಯುವ ದಾಸವಾಳ. ಮಿರಮಿರ ಎಲೆಯ ಮಾಮೂಲಿ ದಾಸವಾಳ ಅಲ್ಲ. ಇದರ ಮೂಲ ಅಮೆರಿಕದ ಪೂರ್ವ ಭಾಗದ ಜೌಗು ನೆಲ. ಚಳಿಗಾಲದಲ್ಲಿ ನೆಲದ ಮೇಲಿನದೆಲ್ಲ ಸತ್ತು ಹೋಗುತ್ತದೆ, ಬೇರು ಮಾತ್ರ ಬದುಕಿರುತ್ತದೆ. ಬೇಸಿಗೆಯಲ್ಲಿ ಹೊಸದಾಗಿ ಎದ್ದು ಬಂದು ಆಳೆತ್ತರ ಆಗುತ್ತದೆ. ಹೂವು ಬಿಡುವುದು ಆ ವರ್ಷದ ಹೊಸ ಚಿಗುರಿನ ಮೇಲೆ. ಈ ಒಂದು ವಿಷಯ ನನಗೆ ಪೂರ್ತಿ ತಲೆಗೆ ಹೋಗಲು ಎರಡು ವರ್ಷ ಬೇಕಾಯಿತು. ದುಡ್ಡು ಕಳೆದುಕೊಂಡದ್ದೂ ಅದಕ್ಕೇ.

ಮೊದಲ ವರ್ಷ ಪೂರ್ತಿ ಬೆಲೆ ಕೊಟ್ಟು ಮೂರು ಗಿಡ ತಂದೆ. ಮೂರರಲ್ಲೂ ಹೂವಿತ್ತು, ಅದಕ್ಕೇ ಮರುಳಾದೆ. ಮರದ ಬುಡದ ಹತ್ತಿರ ಜಾಗ ಖಾಲಿ ಇತ್ತು ಅಂತ ಅಲ್ಲೇ ನೆಟ್ಟೆ. ಅರ್ಧ ದಿನ ನೆರಳು, ಮರದ ಬೇರು ನೀರನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಜೌಗಿನ ಗಿಡಕ್ಕೆ ಒಣ ನೆಲ. ಮೊಗ್ಗು ಬಂದವು, ಕಡಲೆಕಾಳಿನಷ್ಟು ಆದವು, ಉದುರಿದವು. ಎರಡು ಗಿಡ ಚಳಿಗಾಲ ದಾಟಲಿಲ್ಲ. ಮೂರನೆಯದು ದಾಟಿತ್ತು, ಅದನ್ನು ನಾನೇ ಕೊಂದೆ. ವಸಂತ ಬಂದು ತೋಟದ ಗಿಡಗಳೆಲ್ಲ ಮೊಣಕಾಲೆತ್ತರ ಆದರೂ ಇದು ಅಲ್ಲಾಡಲಿಲ್ಲ. ಸತ್ತಿದೆ ಅಂತ ಗುದ್ದಲಿ ಹಾಕಿ ಕಿತ್ತೆ. ಬುಡ ಮೇಲೆ ಬಂದಾಗ ನೋಡಿದರೆ ಬೆಳ್ಳಗಿನ ನಾಲ್ಕು ಮೊಳಕೆ, ಕಿರುಬೆರಳಿನಷ್ಟು ದಪ್ಪ. ಮೂರು ಮುರಿದು ಹೋಗಿದ್ದವು. ಮತ್ತೆ ನೆಟ್ಟೆ, ಉಳಿಯಲಿಲ್ಲ. ಆ ಬೇಸರ ಇನ್ನೂ ಹೋಗಿಲ್ಲ.

ಎರಡನೇ ವರ್ಷ ಅರ್ಧ ಬೆಲೆಗೆ ಎರಡು ಗಿಡ ಸಿಕ್ಕಿದವು. ಚೀಟಿಯಲ್ಲಿ ಬರೀ 'ಹೈಬಿಸ್ಕಸ್' ಅಂತ ಇತ್ತು. ಎಲೆ ಹೊಳೆಯುತ್ತಿತ್ತು, ಹೂವು ಕಿತ್ತಳೆ ಬಣ್ಣ. ಅಷ್ಟರಲ್ಲೇ ಗೊತ್ತಾಗಬೇಕಿತ್ತು ಅಲ್ವಾ? ಹಾರ್ಡಿ ಜಾತಿಯಲ್ಲಿ ಬಿಳಿ, ಗುಲಾಬಿ, ಕೆಂಪು, ಇವುಗಳ ನಡುವಿನ ಬಣ್ಣಗಳೇ ಇರುವುದು. 'ಓಲ್ಡ್ ಯೆಲ್ಲಾ' ಅನ್ನುವ ತಳಿಯ ಹೆಸರಿನಲ್ಲಿ ಹಳದಿ ಇದ್ದರೂ ಹೂವು ಕೆನೆ ಬಣ್ಣವೇ. ಕಿತ್ತಳೆ ಹೂವು ಕಂಡರೆ ಅದು ಉಷ್ಣವಲಯದ ದಾಸವಾಳ. ಮೊದಲ ಗಟ್ಟಿ ಚಳಿಗೇ ಎರಡೂ ಕಪ್ಪಾದವು. ಎರಡು ವರ್ಷಕ್ಕೆ ನಾಲ್ಕು ಗಿಡದ ಪೂರ್ತಿ ಬೆಲೆ ಹೋಯಿತು, ಕೈಯಲ್ಲಿ ಏನೂ ಉಳಿಯಲಿಲ್ಲ. ಮನೆಯಲ್ಲಿ ದಾಸವಾಳದ ಮಾತು ಎತ್ತುವ ಹಾಗೇ ಇರಲಿಲ್ಲ.

ಮೂರನೇ ವರ್ಷ ಎಸೆಯುವ ಸಾಲಿನ ಕಡೆ ಹೋದದ್ದು ಅದಕ್ಕೇ. ಹೊಸ ಗಿಡಕ್ಕೆ ದುಡ್ಡು ಹಾಕುವ ಧೈರ್ಯ ಇರಲಿಲ್ಲ. ಜನ ಕೊಳ್ಳುವುದು ಹೂವನ್ನು. ಹೂವು ಮುಗಿದು ಎಲೆ ಹಳದಿಯಾದ ಕೂಡಲೇ ಕುಂಡವನ್ನು ಯಾರೂ ತಿರುಗಿ ನೋಡಲ್ಲ. ಆದರೆ ಈ ಗಿಡದ ಮೇಲ್ಭಾಗ ಹೇಗೂ ಎರಡು ತಿಂಗಳಲ್ಲಿ ಸಾಯುವಂಥದ್ದು. ನಾವು ಕೊಳ್ಳಬೇಕಾದ್ದು ಬೇರನ್ನು. ಬೇರು ಚೆನ್ನಾಗಿದ್ದರೆ ಮೇಲಿನ ಕಡ್ಡಿ ಹೇಗಿದ್ದರೇನು?

ಆರಿಸಿದ್ದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಗೆದ್ದದ್ದೇ ಇಲ್ಲಿ. ಮೊದಲು ಚೀಟಿ. ತಳಿಯ ಹೆಸರು ಇರಲೇಬೇಕು. 'ಲಾರ್ಡ್ ಬಾಲ್ಟಿಮೋರ್', 'ಡಿಸ್ಕೋ ಬೆಲ್', 'ಲೂನಾ', 'ಕಾಪರ್ ಕಿಂಗ್', ಇಂಥ ಹೆಸರು ಕಂಡರೆ ನಿಲ್ಲುತ್ತೇನೆ. ಚೀಟಿ ಇಲ್ಲದಿದ್ದರೆ ಉಳಿದ ಒಂದೆರಡು ಎಲೆ ನೋಡುತ್ತೇನೆ. ಹೊಳಪಿಲ್ಲದ, ತೆಳುವಾದ, ಅಗಲ ಎಲೆ ಆದರೆ ಸರಿ. ಕೆಲವು ತಳಿಗಳಲ್ಲಿ ಎಲೆ ಬೆರಳು ಬಿಡಿಸಿದ ಅಂಗೈ ಹಾಗೆ ಸೀಳಿರುತ್ತದೆ. ಆಮೇಲೆ ಕುಂಡ ಎತ್ತಿ ತಳದ ತೂತು ನೋಡುತ್ತೇನೆ. ಬೆಳ್ಳಗಿನ ಬೇರು ಹೊರಗೆ ಇಣುಕುತ್ತಿದ್ದರೆ ಅದು ಬದುಕಿರುವ ಗಿಡ. ಕಂದು ಬಣ್ಣದ ಮೆತ್ತಗಿನ ಬೇರು, ಕೊಳೆತ ವಾಸನೆ ಇದ್ದರೆ ಪುಕ್ಕಟೆ ಕೊಟ್ಟರೂ ಬೇಡ. ಕಡೆಗೆ ಕಡ್ಡಿಯ ಬುಡದಲ್ಲಿ ಉಗುರಿನಿಂದ ಕೆರೆಯುತ್ತೇನೆ. ತುದಿ ಒಣಗಿದ್ದರೂ ಬುಡದಲ್ಲಿ ಹಸಿರು ಇರಬೇಕು. ಕಡ್ಡಿ ಎಷ್ಟು ಉದ್ದ ಇದೆ, ಮೊಗ್ಗು ಇದೆಯೋ ಇಲ್ಲವೋ ಅಂತ ನಾನು ನೋಡುವುದೇ ಇಲ್ಲ. ದೊಡ್ಡ ಕುಂಡ, ಕೆಟ್ಟ ಮೇಲ್ಭಾಗ, ಇದೇ ನನಗೆ ಬೇಕಾದ ಜೋಡಿ.

ಇಂಥ ನಾಲ್ಕು ಕುಂಡ ಸಿಕ್ಕಿದವು. ನಾಲ್ಕೂ ಸೇರಿ ಒಂದು ಹೊಸ ಗಿಡದ ಬೆಲೆಗಿಂತ ಕಡಿಮೆ. ನರ್ಸರಿಯವರು ಮೊದಲು ಹೇಳಿದ ದರ ಇನ್ನೂ ಸ್ವಲ್ಪ ಜಾಸ್ತಿಯೇ ಇತ್ತು. ಯಾವ ಮಾತು ಆಡಿ ಇಳಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ, ಮುಂದಿನ ವರ್ಷವೂ ಬೇಕಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಹೇಳುತ್ತೇನೆ. ಕಾದಷ್ಟೂ ಬೆಲೆ ಇಳಿಯುತ್ತದೆ ನಿಜ. ಆದರೆ ನೆಲ ಹೆಪ್ಪುಗಟ್ಟುವ ಮೊದಲು ಬೇರು ಹಿಡಿಯಲು ಆರು ವಾರ ಆದರೂ ಬೇಕು, ಎಂಟು ಇದ್ದರೆ ನೆಮ್ಮದಿ. ಇನ್ನೂ ಅಗ್ಗ ಆಗಲಿ ಅಂತ ಕೂತರೆ ಆ ವಾರಗಳನ್ನು ಕಳೆದುಕೊಳ್ಳುತ್ತೀರಿ.

ಮನೆಗೆ ತಂದ ದಿನವೇ ಕುಂಡ ಸಮೇತ ಬಕೆಟ್ ನೀರಿನಲ್ಲಿ ಮುಳುಗಿಸಿದೆ. ಗುಳ್ಳೆ ಬರುವುದು ನಿಲ್ಲುವವರೆಗೆ ಬಿಟ್ಟೆ, ಸುಮಾರು ಮುಕ್ಕಾಲು ಗಂಟೆ. ಆ ನೀರಿಗೆ ಇನ್ನೊಂದು ವಸ್ತು ಹಾಕುತ್ತೇನೆ. ಅದನ್ನು ಇನ್ನೆರಡು ವರ್ಷ ಪರೀಕ್ಷೆ ಮಾಡಿಯೇ ಹೇಳುವುದು. ಹೊರಗೆ ತೆಗೆದರೆ ಬೇರು ಕುಂಡದ ಆಕಾರದಲ್ಲೇ ಸುತ್ತಿಕೊಂಡಿತ್ತು, ತೆಂಗಿನ ನಾರಿನ ಚಾಪೆ ಹಾಗೆ. ಇಲ್ಲಿ ಕರುಣೆ ತೋರಿಸಬಾರದು. ಚಾಕುವಿನಿಂದ ನಾಲ್ಕು ಕಡೆ ಉದ್ದಕ್ಕೆ ಸೀಳಿದೆ, ತಳದಲ್ಲಿ ಸುತ್ತಿದ್ದನ್ನು ಕತ್ತರಿಸಿ ಎಸೆದೆ. ಕಡ್ಡಿಯನ್ನು ಮೂರನೇ ಒಂದು ಭಾಗಕ್ಕೆ ಇಳಿಸಿದೆ. ಒಂದು ಗಿಡದಲ್ಲಿ ಮೂರು ಮೊಗ್ಗು ಇದ್ದವು, ಅವನ್ನೂ ಕಿತ್ತೆ. ಕೈ ಬರಲಿಲ್ಲ, ಆದರೂ ಕಿತ್ತೆ.

ಜಾಗ ಈ ಸಲ ತೋಟದ ತಗ್ಗಿನ ಮೂಲೆ. ಮಳೆ ಬಂದರೆ ನೀರು ನಿಲ್ಲುತ್ತದೆ ಅಂತ ಏನನ್ನೂ ನೆಡದೆ ಬಿಟ್ಟಿದ್ದ ಜಾಗ, ಬಿಸಿಲು ಏಳು ಗಂಟೆ ಬೀಳುತ್ತದೆ. ಬೇರಿನ ಮುದ್ದೆಯ ಎರಡರಷ್ಟು ಅಗಲದ ಗುಂಡಿ, ಆಳ ಮಾತ್ರ ಮುದ್ದೆಯಷ್ಟೇ. ತೆಗೆದ ಮಣ್ಣಿಗೆ ಮೂರನೇ ಒಂದು ಪಾಲು ಕಾಂಪೋಸ್ಟ್. ಕುಂಡದಲ್ಲಿ ಎಷ್ಟು ಆಳಕ್ಕೆ ಇತ್ತೋ ಅಷ್ಟಕ್ಕೇ ನೆಟ್ಟೆ. ಗೊಬ್ಬರ ಹಾಕಲಿಲ್ಲ. ಚಳಿ ಹತ್ತಿರ ಬರುವಾಗ ಎಳೆ ಚಿಗುರು ಬರಿಸಿ ಏನು ಪ್ರಯೋಜನ? ಮೊದಲ ಎರಡು ವಾರ ದಿನಾ ನೀರು, ಆಮೇಲೆ ದಿನ ಬಿಟ್ಟು ದಿನ.

ಚಳಿ ಬಿದ್ದು ಕಡ್ಡಿ ಒಣಗಿದ ಮೇಲೆ ಬುಡಕ್ಕೆ ಕತ್ತರಿಸಲಿಲ್ಲ, ಒಂದು ಗೇಣು ಉಳಿಸಿದೆ. ವಸಂತದಲ್ಲಿ ಗಿಡ ಎಲ್ಲಿದೆ ಅಂತ ಗೊತ್ತಾಗುವುದು ಅದರಿಂದಲೇ. ಮೇಲೆ ಒಣ ಎಲೆ ಹೊದಿಸಿದೆ. ಇಲ್ಲೂ ಒಂದು ತಪ್ಪು ಆಯಿತು. ಮೂರಕ್ಕೆ ಒಣ ಎಲೆ ಸಡಿಲವಾಗಿ ಹಾಕಿದ್ದೆ. ನಾಲ್ಕನೆಯದಕ್ಕೆ ಎಲೆ ಸಾಲದೆ ಕೊಯ್ದ ಹಸಿ ಹುಲ್ಲನ್ನು ದಪ್ಪಗೆ ಬುಡಕ್ಕೇ ಒತ್ತಿಟ್ಟೆ. ಅದು ಗಟ್ಟಿ ಪದರ ಆಗಿ, ಒಳಗೇ ಕೊಳೆತು, ಗಿಡವನ್ನೂ ಕೊಳೆಸಿತು. ನಾಲ್ಕರಲ್ಲಿ ಸತ್ತದ್ದು ಅದೊಂದೇ.

ವಸಂತ ಬಂತು. ಎಲ್ಲ ಗಿಡ ಚಿಗುರಿದವು, ದಾಸವಾಳ ಇಲ್ಲ. ಅತ್ತಿಗೆ ವಾರಕ್ಕೊಮ್ಮೆ ಬಂದು ಆ ಕಡ್ಡಿ ನೋಡಿ, "ಹೋಗ್ಲಿ ಬಿಡು, ಆ ಜಾಗದಲ್ಲಿ ಬೇರೆ ಏನಾದ್ರೂ ಹಾಕು" ಅನ್ನುತ್ತಿದ್ದರು. ಪಕ್ಕದ ಮನೆಯವರು ಗುದ್ದಲಿ ಕೊಡಲೂ ತಯಾರಿದ್ದರು. ನಾನು ಈ ಸಲ ಮುಟ್ಟಲಿಲ್ಲ. ಮಣ್ಣು ಬಿಸಿ ಆಗುವವರೆಗೆ ಈ ಗಿಡ ಏಳುವುದಿಲ್ಲ. ಬೇರೆ ಗಿಡಗಳಿಗಿಂತ ಐದಾರು ವಾರ ತಡ ಆಗಿರಬೇಕು. ಒಂದು ದಿನ ನೋಡಿದರೆ ಕೆಂಪು ಮಿಶ್ರಿತ ಹಸಿರು ಮೂತಿ, ಒಂದಲ್ಲ, ಐದು! ಆಮೇಲೆ ಓಟ. ಬಿಸಿಲು ಜೋರಾದ ವಾರಗಳಲ್ಲಿ ದಿನಕ್ಕೆ ಎರಡು ಮೂರು ಸೆಂಟಿಮೀಟರ್ ಏರಿತು. ಒಂದು ಗೇಣು ಆದಾಗ ತುದಿ ಚಿವುಟಿದೆ. ಹೂವು ಒಂದೆರಡು ವಾರ ತಡ ಆಯಿತು, ಆದರೆ ಕೊಂಬೆ ಹೆಚ್ಚಾದವು.

ಆ ಬೇಸಿಗೆ ಮೂರು ಗಿಡ ಸೇರಿ ನಲವತ್ತರ ಆಸುಪಾಸು ಹೂವು. ಒಂದು ಹೂವು ಇರುವುದು ಒಂದೇ ದಿನ. ಆದರೆ ಮೊಗ್ಗು ಸಾಲುಗಟ್ಟಿ ಕಾಯುತ್ತಿರುತ್ತವೆ, ಹಾಗಾಗಿ ಎರಡು ತಿಂಗಳು ತೋಟ ಖಾಲಿ ಕಾಣಲಿಲ್ಲ. ಮರುವರ್ಷ ಎಣಿಸುವುದನ್ನು ನೂರಕ್ಕೆ ಬಿಟ್ಟೆ. ಈಗ ದೊಡ್ಡ ಗಿಡದಲ್ಲಿ ಹದಿಮೂರು ಕಡ್ಡಿ ಇವೆ, ಎತ್ತರ ನನ್ನ ಭುಜದವರೆಗೆ. ಅತ್ತಿಗೆ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. ಸೌದೆಯ ಮಾತು ನಾನು ಎತ್ತಲಿಲ್ಲ, ಅವರೇ ನೆನಪಿಸಿಕೊಂಡರು.

ಗೊಬ್ಬರದ ವಿಷಯದಲ್ಲೂ ಒಮ್ಮೆ ಕೈ ಸುಟ್ಟುಕೊಂಡಿದ್ದೇನೆ. ಹೂವು ಜಾಸ್ತಿ ಬರಲಿ ಅಂತ ರಂಜಕ ಹೆಚ್ಚಿರುವ ಗೊಬ್ಬರ ಹಾಕಿದ್ದೆ, ಎಲೆ ಹಳದಿಗೆ ತಿರುಗಿತು. ದಾಸವಾಳಕ್ಕೆ ರಂಜಕ ಹೆಚ್ಚಾದರೆ ಆಗುವುದಿಲ್ಲ. ಈಗ ರಂಜಕ ಕಡಿಮೆ, ಪೊಟ್ಯಾಷ್ ಜಾಸ್ತಿ ಇರುವುದನ್ನು ತಿಂಗಳಿಗೆ ಒಮ್ಮೆ, ತೆಳ್ಳಗೆ.

ಹುಳುವಿನ ಕಾಟ ಇದ್ದೇ ಇದೆ. ಎರಡನೇ ಬೇಸಿಗೆಯಲ್ಲಿ ಎಲೆಗಳು ವಾರದೊಳಗೆ ಜಾಲರಿ ಆದವು. ಕೆಳಗೆ ತಿರುಗಿಸಿ ನೋಡಿದರೆ ಪುಟ್ಟ ಹಸಿರು ಮರಿಹುಳುಗಳು. ಚಿಟ್ಟೆಯ ಹುಳು ಅಂದುಕೊಂಡು ಬಿಟಿ, ಅಂದರೆ ಮರಿಹುಳು ಕೊಲ್ಲುವ ಬ್ಯಾಕ್ಟೀರಿಯಾದ ಔಷಧಿ, ಸಿಂಪಡಿಸಿದೆ, ಎರಡು ಸಲ. ಒಂದೂ ಸಾಯಲಿಲ್ಲ, ಔಷಧಿಯ ದುಡ್ಡು ದಂಡ. ಅವು ಸಾಫ್ಲೈ ಅನ್ನುವ ಬೇರೆಯೇ ಕೀಟದ ಮರಿಗಳು. ಬಿಟಿ ಕೆಲಸ ಮಾಡುವುದು ಚಿಟ್ಟೆ, ಪತಂಗಗಳ ಮರಿಗೆ, ಇವಕ್ಕೆ ನಾಟುವುದೇ ಇಲ್ಲ. ಕಡೆಗೆ ಬೆಳಿಗ್ಗೆ ಬೆಳಿಗ್ಗೆ ಎಲೆಯ ಕೆಳಗಿನಿಂದ ಆರಿಸಿ ಸೋಪಿನ ನೀರಿಗೆ ಹಾಕಿದೆ. ಹತ್ತು ದಿನದಲ್ಲಿ ಹತೋಟಿಗೆ ಬಂತು. ಈಗ ಎಲೆಯಲ್ಲಿ ಮೊದಲ ತೂತು ಕಂಡ ದಿನವೇ ಶುರು ಮಾಡುತ್ತೇನೆ.

ಮಧ್ಯೆ ಒಂದೆರಡು ಆಟವನ್ನೂ ಆಡಿದೆ. ಜೌಗಿನ ಗಿಡ ಅಲ್ವಾ, ನೀರಲ್ಲೇ ನಿಲ್ಲಿಸಿದರೆ ಹೇಗಿರುತ್ತದೆ ಅಂತ, ಕಡ್ಡಿಯಿಂದ ಬೆಳೆಸಿದ ಒಂದು ಗಿಡದ ಕುಂಡವನ್ನು ಬೇಸಿಗೆ ಪೂರ್ತಿ ನಾಲ್ಕು ಬೆರಳು ನೀರಿನ ಟಬ್‌ನಲ್ಲಿ ಇಟ್ಟೆ. ಬೇರು ಕೊಳೆಯಲಿಲ್ಲ. ನೆಲದಲ್ಲಿದ್ದ ಅದರ ಜೊತೆಯ ಗಿಡಕ್ಕಿಂತ ಒಂದು ಗೇಣು ಎತ್ತರ ಬಂತು, ಒಂದು ಮೊಗ್ಗೂ ಉದುರಲಿಲ್ಲ. ಸೊಳ್ಳೆ ಆಗಬಾರದು ಅಂತ ನಾಲ್ಕು ದಿನಕ್ಕೊಮ್ಮೆ ನೀರು ಚೆಲ್ಲಿ ಹೊಸದು ತುಂಬಬೇಕು, ಕಷ್ಟ ಇರುವುದು ಅಷ್ಟೇ. ಚಳಿಗಾಲದಲ್ಲಿ ಕುಂಡ ಸಮೇತ ನೆಲದಲ್ಲಿ ಹೂತಿಟ್ಟೆ. ಹೊರಗೇ ಬಿಟ್ಟರೆ ಕುಂಡದೊಳಗಿನ ಬೇರಿಗೆ ಚಳಿ ನಾಲ್ಕೂ ಕಡೆಯಿಂದ ತಾಗುತ್ತದೆ.

ಇನ್ನೊಂದು ಆಟ ಬೀಜದ್ದು. ಮೂವತ್ತು ಬೀಜದಲ್ಲಿ ಅರ್ಧಕ್ಕೆ ಮರಳು ಕಾಗದ ಉಜ್ಜಿ ರಾತ್ರಿ ಬೆಚ್ಚಗಿನ ನೀರಲ್ಲಿ ನೆನೆಸಿದೆ, ಅರ್ಧವನ್ನು ಹಾಗೇ ಬಿತ್ತಿದೆ. ಉಜ್ಜಿದ್ದರಲ್ಲಿ ಹನ್ನೊಂದೋ ಹನ್ನೆರಡೋ ಬಂದವು, ಹಾಗೇ ಹಾಕಿದ್ದರಲ್ಲಿ ನಾಲ್ಕು. ತಾಯಿ ಗಿಡ ಗಾಢ ಕೆಂಪು. ಮಕ್ಕಳಲ್ಲಿ ಒಂದೂ ಹಾಗೆ ಬರಲಿಲ್ಲ, ತೆಳು ಗುಲಾಬಿ, ಬಿಳಿ, ಒಂದಕ್ಕೆ ಮಾತ್ರ ನಡುವೆ ಕೆಂಪು ಕಣ್ಣು. ಬೆರಕೆ ತಳಿಯ ಬೀಜ ಹಾಗೇ. ತಾಯಿಯ ಬಣ್ಣವೇ ಬೇಕಿದ್ದರೆ ಬೇಸಿಗೆಯ ಶುರುವಿನ ಎಳೆ ಕಡ್ಡಿಯನ್ನೇ ನೆಡಬೇಕು. ಹತ್ತು ಕಡ್ಡಿಯಲ್ಲಿ ನನಗೆ ಏಳು ಬೇರು ಬಿಟ್ಟವು, ಮೂರು ವಾರ ಹಿಡಿಯಿತು.

ಇನ್ನು ದುಡ್ಡು. ಬದುಕಿದ ಮೂರು ಗಿಡಕ್ಕೆ ಹಂಚಿದರೆ, ಒಂದೊಂದೂ ಹೊಸ ಗಿಡದ ಬೆಲೆಯ ಮೂರನೇ ಒಂದು ಭಾಗಕ್ಕೂ ಕಡಿಮೆ ಬಿತ್ತು. ಗಿಡಕ್ಕಿಂತ ಕಾಂಪೋಸ್ಟ್ ಚೀಲಕ್ಕೇ ಜಾಸ್ತಿ ಖರ್ಚಾಯಿತು. ಕಡ್ಡಿಯಿಂದ ಬಂದ ಏಳನ್ನೂ ಸೇರಿಸಿದರೆ ಮೊದಲ ಎರಡು ವರ್ಷದ ನಷ್ಟ ಪೂರ್ತಿ ತೀರಿತು.

ಅವುಗಳಲ್ಲಿ ಎರಡು ಅತ್ತಿಗೆಗೆ ಹೋಗಿವೆ. ಕಳೆದ ಸಲ ಚಳಿ ಬಿದ್ದಾಗ ಫೋನ್ ಮಾಡಿದ್ದರು. "ಎಲೆ ಎಲ್ಲ ಉದುರಿ ಬರೀ ಕಡ್ಡಿ ಉಳಿದಿದೆ, ಏನು ಮಾಡ್ಲಿ?" ಅಂದರು. ಒಂದು ಗೇಣು ಬಿಟ್ಟು ಕತ್ತರಿಸಿ, ಒಣ ಎಲೆ ಹೊದಿಸಿ, ಗುದ್ದಲಿಯನ್ನು ಒಳಗಿಟ್ಟು ಬಾಗಿಲು ಹಾಕಿ ಅಂದೆ.